ಗುರುವಿನಿಂದ ಪಡೆದ ಒಂದು ಪದ



ಒಣದ್ರಾಕ್ಷಿಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಬೆಳಗಾಗುವಷ್ಟರಲ್ಲಿ ಅದು ಉಬ್ಬಿರುತ್ತದೆ. ಸಿಪ್ಪೆ ಹರಿದಿರುವುದಿಲ್ಲ, ಆದರೂ ನೀರು ಒಳಗೆ ಸೇರಿರುತ್ತದೆ. ತೆಳುವಾದ ಪೊರೆಯ ಮೂಲಕ ನೀರು ಹೀಗೆ ಒಳಸೇರುವುದಕ್ಕೆ ವಿಜ್ಞಾನಿಗಳು 'ಎಂಡಾಸ್ಮಾಸಿಸ್' ಎಂದು ಹೆಸರಿಟ್ಟರು. ಜೀವಶಾಸ್ತ್ರದ ಈ ಪದಕ್ಕೂ ರಾಜಕೀಯ ತತ್ತ್ವಶಾಸ್ತ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದನ್ನು ತಿಳಿಯಲು 1913ರ ನ್ಯೂಯಾರ್ಕ್ ನಗರಕ್ಕೆ ಹೋಗಬೇಕು.

ಆ ವರ್ಷದ ಜುಲೈ ತಿಂಗಳಲ್ಲಿ ಭೀಮರಾವ್ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ವಯಸ್ಸು 22. ಬರೋಡಾದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರು ಮೂರು ವರ್ಷಗಳ ವಿದ್ಯಾರ್ಥಿವೇತನ ಕೊಟ್ಟಿದ್ದರು. ತಿಂಗಳಿಗೆ ಹನ್ನೊಂದೂವರೆ ಪೌಂಡು. ಅದಕ್ಕೆ ಪ್ರತಿಯಾಗಿ ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡುವುದಾಗಿ ಒಪ್ಪಂದವಾಗಿತ್ತು. ಹೆಸರಿಗೆ ಅವರು ಅರ್ಥಶಾಸ್ತ್ರದ ವಿದ್ಯಾರ್ಥಿ. ಆದರೆ ಅವರು ತೆಗೆದುಕೊಂಡ ಪಾಠಕ್ರಮಗಳ ಪಟ್ಟಿ ನೋಡಿದರೆ ಬೆರಗಾಗುತ್ತದೆ. ಅರ್ಥಶಾಸ್ತ್ರದಲ್ಲಿ 29, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4. ರಾಜ್ಯಶಾಸ್ತ್ರದಲ್ಲಿ ಕೇವಲ 3! ನೈತಿಕ ಮತ್ತು ರಾಜಕೀಯ ತತ್ತ್ವಶಾಸ್ತ್ರವನ್ನು ಅವರು ಕಲಿತದ್ದು ತತ್ತ್ವಶಾಸ್ತ್ರ ವಿಭಾಗದಲ್ಲಿ, ಜಾನ್ ಡ್ಯೂಯಿ ಅವರ ತರಗತಿಗಳಲ್ಲಿ.

ಡ್ಯೂಯಿ ಆ ಕಾಲದ ಅಮೆರಿಕದ ಅತ್ಯಂತ ಪ್ರಸಿದ್ಧ ತತ್ತ್ವಜ್ಞಾನಿ. ಪ್ರಜಾಪ್ರಭುತ್ವವೆಂದರೆ ಬರೀ ಮತದಾನವಲ್ಲ, ಅದು ಜನರು ಕೂಡಿ ಬಾಳುವ ರೀತಿ, ಒಬ್ಬರ ಅನುಭವ ಇನ್ನೊಬ್ಬರಿಗೆ ತಲುಪುವ ರೀತಿ ಎಂಬುದು ಅವರ ನಿಲುವು. 1916ರಲ್ಲಿ ಬಂದ 'ಪ್ರಜಾಪ್ರಭುತ್ವ ಮತ್ತು ಶಿಕ್ಷಣ' ಎಂಬ ಗ್ರಂಥದಲ್ಲಿ ಅವರು ಜೀವಶಾಸ್ತ್ರದ ಆ ಪದವನ್ನು ಸಮಾಜಕ್ಕೆ ಅನ್ವಯಿಸಿದರು. ಸಮಾಜದಲ್ಲಿ ಆಳುವ ವರ್ಗ, ಆಳಿಸಿಕೊಳ್ಳುವ ವರ್ಗ ಎಂಬ ಗೋಡೆ ಎದ್ದರೆ ಸಾಮಾಜಿಕ ಎಂಡಾಸ್ಮಾಸಿಸ್ ನಿಂತುಹೋಗುತ್ತದೆ ಎಂದರು. ಅಂಬೇಡ್ಕರರು ಗೆರೆ ಎಳೆದು, ಗುರುತು ಹಾಕಿ ಓದಿದ ಆ ಗ್ರಂಥದ ಪ್ರತಿ ಇಂದಿಗೂ ಉಳಿದಿದೆ.

ಪದವಿ ತರಗತಿಯಲ್ಲಿ ಪ್ಲೇಟೋ ಏನು ಹೇಳಿದ, ರೂಸೋ ಏನು ಹೇಳಿದ ಎಂದು ತಿಳಿದು ಬರೆದರೆ ಬಹುಮಟ್ಟಿಗೆ ಸಾಕಾಗುತ್ತದೆ. ಸ್ನಾತಕೋತ್ತರ ಹಂತದಲ್ಲಿ ಅಷ್ಟೇ ಸಾಲದು. ಅವನು ಹೇಳಿದ್ದು ನಾನು ಕಂಡ ಸಮಾಜಕ್ಕೆ ಹೊಂದುತ್ತದೆಯೇ, ಹೊಂದದಿದ್ದರೆ ತಪ್ಪಿದ್ದೆಲ್ಲಿ ಎಂದು ಕೇಳಬೇಕು. ಅಂಬೇಡ್ಕರರು ಇದನ್ನು ಬೇಗನೆ ಆರಂಭಿಸಿದರು. 1916ರ ಮೇ 9ರಂದು ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಹುಟ್ಟು ಬೆಳವಣಿಗೆಯನ್ನು ಕುರಿತ ಪ್ರಬಂಧ ಓದಿದಾಗ ಅವರಿಗೆ 25 ವರ್ಷ.

ಮರುವರ್ಷ ವಿದ್ಯಾರ್ಥಿವೇತನ ಮುಗಿಯಿತು. ಲಂಡನ್ನಿನಲ್ಲಿ ಆರಂಭಿಸಿದ್ದ ಓದನ್ನು ಅರ್ಧಕ್ಕೆ ಬಿಟ್ಟು, ಒಪ್ಪಂದದಂತೆ ಬರೋಡಾಕ್ಕೆ ಕೆಲಸಕ್ಕೆ ಬಂದರು. ಆ ಊರಿನಲ್ಲಿ ಅಸ್ಪೃಶ್ಯನಿಗೆ ಬಾಡಿಗೆಗೆ ಕೋಣೆ ಕೊಡುವವರಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ವಸತಿಗೃಹವೊಂದರಲ್ಲಿ ಉಳಿದರು. ಹನ್ನೊಂದನೆಯ ದಿನ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಾಗಿಲಿಗೆ ಬಂದು ಹೊರಗೆ ಹಾಕಿದರು. ಕೊಲಂಬಿಯಾದ ಎಂ.ಎ. ಪದವಿ ಅಲ್ಲಿ ಏನೂ ನೆರವಿಗೆ ಬರಲಿಲ್ಲ. ಡ್ಯೂಯಿ ಅವರ ಉಪಮೆ ಸಾಲದಾಗುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ದ್ರಾಕ್ಷಿಯ ಪೊರೆ ತನ್ನ ಪಾಡಿಗೆ ತಾನು ನೀರನ್ನು ಒಳಬಿಡುತ್ತದೆ. ಜಾತಿಯ ಪೊರೆಗೆ ದೊಣ್ಣೆ ಹಿಡಿದ ಕಾವಲುಗಾರರಿರುತ್ತಾರೆ.

ಆದರೂ ಅಂಬೇಡ್ಕರರು ಆ ಪದವನ್ನು ಬಿಡಲಿಲ್ಲ. ಭಾರತದಲ್ಲಿ ಯಾರಿಗೆ ಮತದಾನದ ಹಕ್ಕು ಕೊಡಬೇಕೆಂದು ವಿಚಾರಿಸಲು ಬ್ರಿಟಿಷ್ ಸರ್ಕಾರ ಸೌತ್‌ಬರೋ ಸಮಿತಿಯನ್ನು ನೇಮಿಸಿತ್ತು. 1919ರ ಜನವರಿಯಲ್ಲಿ, ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಅದರ ಮುಂದೆ ಸಾಕ್ಷ್ಯ ನುಡಿದರು. ಗುಂಪು ಗುಂಪುಗಳ ನಡುವೆ ಎಂಡಾಸ್ಮಾಸಿಸ್ ಇದ್ದರೆ ಹಳೆಯ ಮನೋಭಾವಗಳು ಕರಗುತ್ತವೆ. ಅದಿಲ್ಲದ ಕಡೆ, ಅಸ್ಪೃಶ್ಯರ ಬಾಳಿನ ಅನುಭವವೇ ಇಲ್ಲದ ಸವರ್ಣೀಯ ಅವರನ್ನು ಹೇಗೆ ಪ್ರತಿನಿಧಿಸಬಲ್ಲ? ಆದ್ದರಿಂದ ಅವರಿಗೆ ಮತದ ಹಕ್ಕೂ ಬೇಕು, ತಮ್ಮವರೇ ಆದ ಪ್ರತಿನಿಧಿಗಳೂ ಬೇಕು. ಡ್ಯೂಯಿ ಶಾಲೆಯ ಮೇಲೆ ಹೆಚ್ಚು ಭರವಸೆ ಇಟ್ಟಿದ್ದರು. ಶಿಷ್ಯರು ಅದೇ ಪದದಿಂದ ಕಾನೂನಿನ ಬಾಗಿಲು ತಟ್ಟಿದರು.

1936ರಲ್ಲಿ ಅದು ಮತ್ತೆ ಬಂತು. ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಬರೆದುಕೊಂಡದ್ದನ್ನು ನೋಡಿ ಬೆದರಿತು. ಸಮ್ಮೇಳನವೇ ನಡೆಯಲಿಲ್ಲ. ಅಂಬೇಡ್ಕರರು ಭಾಷಣವನ್ನು ತಾವೇ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಅದರಲ್ಲಿ ಡ್ಯೂಯಿ ಅವರನ್ನು ತಮ್ಮ ಗುರುಗಳೆಂದು ಋಣಭಾವದಿಂದ ನೆನೆದು, ಆದರ್ಶ ಸಮಾಜದಲ್ಲಿ ಸಾಮಾಜಿಕ ಎಂಡಾಸ್ಮಾಸಿಸ್ ಇರಬೇಕೆಂದು ಹೇಳಿ, ಇದಕ್ಕೇ ಭ್ರಾತೃತ್ವವೆಂದು ಹೆಸರು ಎಂದರು. ಗುರುವಿನ ಪದಕ್ಕೆ ಶಿಷ್ಯರು ಕೊಟ್ಟ ಹೊಸ ಅರ್ಥ ಇದು.

ಸಂವಿಧಾನದ ಪ್ರಸ್ತಾವನೆಯಲ್ಲಿ ನೀವು ಓದಿರುವ 'ಭ್ರಾತೃತ್ವ' 1947ರ ಜನವರಿಯಲ್ಲಿ ಅಂಗೀಕಾರವಾದ ನೆಹರೂ ಅವರ ಧ್ಯೇಯಗಳ ನಿರ್ಣಯದಲ್ಲಿ ಇರಲಿಲ್ಲ. ಅಂಬೇಡ್ಕರರು ಅಧ್ಯಕ್ಷರಾಗಿದ್ದ ಕರಡು ಸಮಿತಿ 1948ರ ಫೆಬ್ರವರಿಯ ಕರಡಿನಲ್ಲಿ ಅದನ್ನು ಸೇರಿಸಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಎಚ್ಚರಿಕೆಯನ್ನೂ ಕೊಟ್ಟರು: ರಾಜಕೀಯದಲ್ಲಿ ಎಲ್ಲರ ಮತಕ್ಕೂ ಒಂದೇ ಬೆಲೆ, ಬಾಳಿನಲ್ಲಿ ಮಾತ್ರ ಅಸಮಾನತೆ, ಈ ವಿರೋಧಾಭಾಸ ಹೆಚ್ಚು ಕಾಲ ಉಳಿದರೆ ಪ್ರಜಾಪ್ರಭುತ್ವಕ್ಕೇ ಅಪಾಯ.

1952ರ ಜೂನ್ 5ರಂದು ಕೊಲಂಬಿಯಾ ವಿಶ್ವವಿದ್ಯಾಲಯ ಅಂಬೇಡ್ಕರರಿಗೆ ಗೌರವ ಡಾಕ್ಟರೇಟ್ ನೀಡಿತು. ಗುರುಗಳನ್ನು ಕಾಣುವ ಆಸೆಯಿಂದ ಅವರು ನ್ಯೂಯಾರ್ಕಿಗೆ ಹೊರಟಿದ್ದರು. ಡ್ಯೂಯಿ ಜೂನ್ 1ರಂದು, 92ನೆಯ ವಯಸ್ಸಿನಲ್ಲಿ, ಅದೇ ನಗರದಲ್ಲಿ ತೀರಿಕೊಂಡರು. ತಮ್ಮ ಬೌದ್ಧಿಕ ಬದುಕೆಲ್ಲ ಆ ಗುರುವಿನ ಋಣ ಎಂದು ಅಂಬೇಡ್ಕರರು ಅಲ್ಲಿಂದ ಪತ್ನಿ ಸವಿತಾ ಅವರಿಗೆ ಕಾಗದ ಬರೆದರು.