ನೆಲದ ಕೆಳಗಿನ ನಾದ

ಸಂಗೀತ ಕೇಳುವುದಕ್ಕೆ ನಾವು ಚಪ್ಪರದ ಕೆಳಗೆ ಕೂರುತ್ತೇವೆ, ಇಲ್ಲವೆ ರೇಡಿಯೋದ ಮುಂದೆ. ನ್ಯೂಯಾರ್ಕಿನ ರಸಿಕರು ನೆಲದ ಕೆಳಕ್ಕೆ ಇಳಿಯುವುದುಂಟು. ಅಲ್ಲಿನ ಸೆವೆಂತ್ ಅವೆನ್ಯೂದಲ್ಲಿ ಕೆಂಪು ಬಾಗಿಲೊಂದನ್ನು ದಾಟಿ 15 ಮೆಟ್ಟಿಲಿಳಿದರೆ ಸಿಗುವುದು ‘ವಿಲೇಜ್ ವ್ಯಾನ್‌ಗಾರ್ಡ್’ ಎಂಬ ಜಾಸ್ ಸಂಗೀತದ ಕ್ಲಬ್ಬು. ಕೋಣೆ ಬೆಣೆಯಂತಿದೆ, ಅದರ ಕಿರಿದಾದ ತುದಿಯಲ್ಲೇ ವೇದಿಕೆ. ಹಿಡಿಸುವುದು 123 ಮಂದಿ. ನಮ್ಮ ರಾಮನವಮಿ ಕಚೇರಿಗಳಲ್ಲಿ ಚಪ್ಪರದ ಹೊರಗೆ ನಿಂತು ಕೇಳುವವರೇ ಇದಕ್ಕಿಂತ ಹೆಚ್ಚು!

ಇದನ್ನು ಸ್ಥಾಪಿಸಿದವರು ಮ್ಯಾಕ್ಸ್ ಗಾರ್ಡನ್. ಎಳೆತನದಲ್ಲೇ ಪೂರ್ವ ಯೂರೋಪಿನಿಂದ ವಲಸೆ ಬಂದವರು. ಕಾನೂನು ಓದಲು ಹೋಗಿ ನಡುವೆಯೇ ಬಿಟ್ಟವರು. 1934ರಲ್ಲಿ ಬೇರೊಂದು ಬೀದಿಯಲ್ಲಿ ಆರಂಭಿಸಿ, ಅಲ್ಲಿ ಪರವಾನಗಿ ದೊರೆಯದೆ, 1935ರ ಫೆಬ್ರವರಿಯಲ್ಲಿ ಈ ನೆಲಮಾಳಿಗೆಗೆ ಬಂದರು. ಮೊದಮೊದಲು ಕವಿಗಳು ಇಲ್ಲಿ ಪದ್ಯ ಓದುತ್ತಿದ್ದರು, ಹಾಸ್ಯಗಾರರು ನಗಿಸುತ್ತಿದ್ದರು, ಲೆಡ್‌ಬೆಲ್ಲಿಯಂಥ ಜಾನಪದ ಗಾಯಕರು ಹಾಡುತ್ತಿದ್ದರು. ಜಾಸ್ ಸಂಗೀತಕ್ಕೇ ಮೀಸಲಾದದ್ದು 1957ರಲ್ಲಿ.

ಜಾಸ್ ಎಂದರೆ ಬರಿಯ ಗದ್ದಲವೆಂದು ಮೂಗು ಮುರಿಯುವ ಸಂಗೀತಪ್ರಿಯರು ನಮ್ಮಲ್ಲುಂಟು. ಅದು ಆಫ್ರಿಕನ್ ಮೂಲದ ಅಮೆರಿಕನ್ನರು ಬೆಳೆಸಿದ ಸಂಗೀತ. ನಮ್ಮ ಕಲ್ಪನಾಸ್ವರದಂತೆ ಅದರಲ್ಲಿಯೂ ಮನೋಧರ್ಮವೇ ಪ್ರಧಾನ. ನಿನ್ನೆ ನುಡಿಸಿದ್ದು ಇಂದು ಹಾಗೆಯೇ ಬಾರದು. ಇಂಥ ಕಲೆಗೆ ಕೇಳುಗನು ಕೈಯಳತೆಯಲ್ಲಿರಬೇಕು. ದೊಡ್ಡ ಸಭಾಂಗಣದಲ್ಲಿ ಕರಗಿಹೋಗುವ ಉಸಿರು ಇಲ್ಲಿ ಕೇಳಿಸುತ್ತದೆ. ಕೋಣೆಯ ಚಿಕ್ಕತನವೇ ಅದರ ಭಾಗ್ಯವೆಂದು ನನ್ನ ಎಣಿಕೆ.

1961ರ ಜೂನ್ 25, ಭಾನುವಾರ. ಬಿಲ್ ಎವಾನ್ಸರು ಪಿಯಾನೋ, ಪಾಲ್ ಮೋಶಿಯನ್ ಡ್ರಮ್ಸ್, 25 ವರ್ಷದ ಸ್ಕಾಟ್ ಲಫಾರೊ ಮಂದ್ರದ ತಂತಿವಾದ್ಯವಾದ ಬಾಸ್ ನುಡಿಸಿದರು. ಮಧ್ಯಾಹ್ನದಿಂದ ರಾತ್ರಿಯವರೆಗಿನ ಆ ವಾದನವನ್ನು ಧ್ವನಿಮುದ್ರಿಸಿಕೊಂಡರು. ಕಿವಿಗೊಟ್ಟು ಕೇಳಿ: ಗಾಜಿನ ಲೋಟಗಳ ಸದ್ದು, ಯಾರದೋ ಮಾತು, ನಗೆ. ಹನ್ನೊಂದೇ ದಿನಗಳ ಮೇಲೆ, ಜುಲೈ 6ರಂದು, ಲಫಾರೊ ಮೋಟಾರು ಅಪಘಾತದಲ್ಲಿ ತೀರಿಕೊಂಡರು. ಅಂದು ಹರಟುತ್ತಿದ್ದವರಿಗೆ ಇದು ಹೇಗೆ ತಿಳಿಯಬೇಕು?

ಗಾರ್ಡನ್ 1989ರಲ್ಲಿ ಕಾಲವಾದರು. ಅವರ ಪತ್ನಿ ಲೊರೇನ್ 2018ರಲ್ಲಿ ತಾವು ತೀರಿಕೊಳ್ಳುವವರೆಗೆ ಕ್ಲಬ್ಬನ್ನು ನಡೆಸಿದರು. ಬಳಿಕ ಅದು ಮಗಳು ಡೆಬೊರಾ ಅವರ ಪಾಲಿಗೆ ಬಂತು. 2020ರ ಮಾರ್ಚಿನಲ್ಲಿ ಕೋವಿಡ್ ಪಿಡುಗು ಬಾಗಿಲು ಹಾಕಿಸಿತು. ಖಾಲಿ ಕುರ್ಚಿಗಳ ಮುಂದೆ ನುಡಿಸಿದ್ದನ್ನು ಅಂತರ್ಜಾಲದಲ್ಲಿ ಕೇಳಿಸಿದರು. ಮತ್ತೆ ರಸಿಕರು ಆ ಮೆಟ್ಟಿಲಿಳಿದದ್ದು 2021ರ ಸೆಪ್ಟೆಂಬರಿನಲ್ಲಿ. ವಾದನ ನಡೆಯುವಾಗ ಮಾತಾಡಬಾರದೆಂಬುದು ಈಗ ಅಲ್ಲಿನ ಕಟ್ಟುನಿಟ್ಟಾದ ನಿಯಮ.