ಕೆಳದಿ ಸೀಮೆಯ ಕ್ರೈಸ್ತರ ನಿತ್ಯಾಚಾರ

ಕೆಳದಿಯ ನಾಯಕರ ಚರಿತ್ರೆಯನ್ನು ಬರೆಯುವವರು ಕೋಟೆ, ಕಾಳಗ, ಶಿವಪ್ಪನಾಯಕನ ಶಿಸ್ತು, ಅಘೋರೇಶ್ವರನ ದೇಗುಲ ಇವುಗಳನ್ನು ವಿಸ್ತಾರವಾಗಿ ವರ್ಣಿಸುವರು. ಅದು ಯುಕ್ತವೇ ಸರಿ. ಆದರೆ ಆ ಅರಸರ ಪ್ರಜೆಗಳಲ್ಲಿ ಕ್ರೈಸ್ತರೂ ಇದ್ದರು. ಅವರ ಧರ್ಮವು ಕಲ್ಲುಮಣ್ಣಿನ ಮಂದಿರಕ್ಕಿಂತ ಹೆಚ್ಚಾಗಿ ಮನೆಯ ನಡುಮನೆಯಲ್ಲಿ ಬಾಳಿತು. ಈ ಸಂಗತಿಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸಾಗರ, ಹೊಸನಗರ, ತೀರ್ಥಹಳ್ಳಿಗಳವರಿಗೆ ಇದು ಪರಕೀಯವಾದ ವಿಷಯವಲ್ಲ. ನಾಯಕರ ಮೊದಲ ಎರಡು ರಾಜಧಾನಿಗಳಾದ ಕೆಳದಿ, ಇಕ್ಕೇರಿಗಳು ಸಾಗರದ ಸಮೀಪದಲ್ಲಿವೆ. ಮೂರನೆಯದಾದ ಬಿದನೂರು ಹೊಸನಗರ ತಾಲೂಕಿನ ಈಗಿನ ನಗರ. ಸಾಗರದವರು ಗೇರುಸೊಪ್ಪೆಯ ದಾರಿಯಿಂದ, ಹೊಸನಗರದವರು ಹುಲಿಕಲ್ಲಿನಿಂದ, ತೀರ್ಥಹಳ್ಳಿಯವರು ಆಗುಂಬೆಯಿಂದ ಇಂದಿಗೂ ಕರಾವಳಿಗೆ ಇಳಿಯುತ್ತಾರೆ. ಘಟ್ಟದ ಮೇಲಿನ ಸಿಂಹಾಸನಕ್ಕೆ ಘಟ್ಟದ ಕೆಳಗಿನ ಬಂದರುಗಳೇ ಐಶ್ವರ್ಯಮೂಲವಾಗಿದ್ದುವು. ಗೋವೆಯ ಸಾಷ್ಟಿ, ಬಾರ್ದೇಶಗಳಿಂದ ಕ್ಷಾಮ, ಯುದ್ಧ, ಪೋರ್ತುಗೀಜರ ಧರ್ಮವಿಚಾರಣೆಯ ಕಾಠಿಣ್ಯ ಇವುಗಳಿಗೆ ಬೇಸತ್ತು ಬಂದ ಕೊಂಕಣಿ ಮಾತಿನ ಕ್ರೈಸ್ತ ಒಕ್ಕಲುಗಳು ಈ ರಾಜ್ಯದ ಕರಾವಳಿಯಲ್ಲಿ ನೆಲೆನಿಂತು ಬೇಸಾಯ ಹಿಡಿದುವು.

ಕ್ರಿ. ಶ. 1623ರಲ್ಲಿ ಇಟಲಿಯ ಪ್ರವಾಸಿಯಾದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬವನು ಪೋರ್ತುಗೀಜರ ರಾಯಭಾರಿಯೊಡನೆ ವೆಂಕಟಪ್ಪನಾಯಕನ ಇಕ್ಕೇರಿಗೆ ಬಂದನು. ದಾರಿಯಲ್ಲಿ ಗುಡಿಯೊಂದರ ಜಗುಲಿಯ ಮೇಲೆ ನಾಲ್ವರು ಹುಡುಗರು ನೆಲಕ್ಕೆ ನುಣ್ಣನೆಯ ಮರಳನ್ನು ಹರಡಿ, ಬೆರಳಿನಿಂದ ಅಂಕೆಗಳನ್ನು ಬರೆಯುತ್ತ, ರಾಗವಾಗಿ ಹೇಳಿಕೊಂಡು ಗಣಿತ ಕಲಿಯುತ್ತಿದ್ದುದನ್ನು ಕಂಡು ಮೆಚ್ಚಿ ಬರೆದಿರುವನು. ಪುಸ್ತಕವಿಲ್ಲದಿದ್ದರೂ ಅಭ್ಯಾಸಬಲದಿಂದ ವಿದ್ಯೆಯು ನಿಲ್ಲುವುದೆಂಬುದಕ್ಕೆ ಇದೊಂದು ನಿದರ್ಶನ. ವಿದ್ಯೆಗೆ ಸಲ್ಲುವ ಈ ನ್ಯಾಯವು ಭಕ್ತಿಗೂ ಸಲ್ಲುವುದೆಂಬುದನ್ನು ಮುಂದಿನ ಕಥೆಯು ತಿಳಿಸುತ್ತದೆ.

ಬಿದನೂರಿನಲ್ಲಿ ರಾಣಿ ಚೆನ್ನಮ್ಮಾಜಿಯು ಆಳುತ್ತಿದ್ದಾಗ, 1681ರಲ್ಲಿ, ಗೋವೆಯ ಜೋಸೆಫ್ ವಾಜ್ ಎಂಬ ಪಾದ್ರಿಯವರು ಕನ್ನಡ ಕರಾವಳಿಗೆ ಬಂದರು. ಆಗ ಕ್ರೈಸ್ತರ ಮೇಲಿನ ಅಧಿಕಾರವು ಗೋವೆಯದೋ, ರೋಮಿನಿಂದ ನಿಯುಕ್ತರಾದ ಬಿಷಪ್ಪರದೋ ಎಂಬ ವ್ಯಾಜ್ಯವು ಬಲವಾಗಿತ್ತು. ಗುರುಗಳ ಜಗಳದಲ್ಲಿ ಶಿಷ್ಯರು ಅನಾಥರಾಗಿದ್ದರು. ವಾಜ್ ಅವರು ವ್ಯಾಜ್ಯವನ್ನು ಶಮನಗೊಳಿಸಲು ಯತ್ನಿಸಿ, ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿ ಸೀಮೆಗಳಲ್ಲಿ ಸಂಚರಿಸಿ, 1684ರಲ್ಲಿ ಗೋವೆಗೆ ಮರಳಿದರು. ಅನಂತರ 1687ರಲ್ಲಿ, ಡಚ್ಚರು ಕ್ಯಾಥೊಲಿಕ್ ಗುರುಗಳನ್ನು ನಿಷೇಧಿಸಿದ್ದ ಸಿಂಹಳದ ಯಾಳ್ಪಾಣದಲ್ಲಿ, ಕೊರಳಿಗೆ ಜಪಮಾಲೆ ಹಾಕಿಕೊಂಡು ಭಿಕ್ಷುಕನ ವೇಷದಲ್ಲಿ ಮನೆಮನೆಗೂ ತಿರುಗಿದರಂತೆ. ಆ ಮಾಲೆಯನ್ನು ಗುರುತಿಸಿದ ಮನೆ ಕ್ರೈಸ್ತರ ಮನೆಯೆಂದು ಅವರಿಗೆ ತಿಳಿಯುತ್ತಿತ್ತು. ಗುರುವಿಲ್ಲದೆ ಹಲವು ವರ್ಷಗಳು ಕಳೆದಿದ್ದರೂ ಮಾಲೆಯ ನೆನಪು ಉಳಿದಿತ್ತು! ಅಲ್ಲಿ ಅವರು ಊರೂರಿಗೆ ಒಬ್ಬ ಗೃಹಸ್ಥನನ್ನು ನೇಮಿಸಿ, ಪ್ರಾರ್ಥನೆ ನಡೆಸುವ, ಮಕ್ಕಳಿಗೆ ಕಲಿಸುವ ಭಾರವನ್ನು ವಹಿಸಿದರು. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ ಇವರನ್ನು 2015ರಲ್ಲಿ ಸಂತರೆಂದು ಸಾರಲಾಯಿತು.

ಇನ್ನು ಮನೆಯ ಆಚಾರಗಳನ್ನು ನೋಡೋಣ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯವರೆಲ್ಲರೂ ಕೂಡಿ ಜಪಮಾಲೆಯ ಪ್ರಾರ್ಥನೆಯನ್ನು ಹೇಳುವರು. ಇದಕ್ಕೆ ಕೊಂಕಣಿಯಲ್ಲಿ 'ತೇರ್ಸ್' ಎಂದು ಹೆಸರು. ಅದು ಮುಗಿದೊಡನೆ ಕಿರಿಯರು ಹಿರಿಯರ ಮುಂದೆ ನಿಂತು 'ಬೆಸಾಂವ್', ಎಂದರೆ ಆಶೀರ್ವಾದ, ಬೇಡುವರು. ಮದುವೆಯ ಮುನ್ನಾದಿನ ವಧೂವರರಿಗೆ ತೆಂಗಿನ ಹಾಲನ್ನು ಹಚ್ಚುವ 'ರೋಸ್' ಶಾಸ್ತ್ರವು ನಮ್ಮ ಅರಿಶಿನ ಎಣ್ಣೆಯ ಶಾಸ್ತ್ರಕ್ಕೆ ಸೋದರಿಯಂತಿದೆ. ಸೆಪ್ಟೆಂಬರ್ 8ರಂದು, ಮರಿಯಮ್ಮನ ಜನ್ಮೋತ್ಸವದಲ್ಲಿ, ಇಗರ್ಜಿಯಲ್ಲಿ ಮಂತ್ರಿಸಿದ ಹೊಸ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಪುಡಿಮಾಡಿ, ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಎಲ್ಲರೂ ಸ್ವೀಕರಿಸುವರು. ಅಂದಿನ ಊಟದಲ್ಲಿ ಮತ್ಸ್ಯಮಾಂಸಗಳಿಲ್ಲ. ಪರಸ್ಥಳದಲ್ಲಿರುವ ಮಕ್ಕಳಿಗೆ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವುದೂ ಉಂಟು. ಮಲೆನಾಡಿನ ಹೊಸಕ್ಕಿಯ ಹಬ್ಬವನ್ನು ಉಂಡವರಿಗೆ ಇದರ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ. ದೈವ ಬೇರೆಯಾದರೂ ಗದ್ದೆಯ ಋಣವು ಒಂದೇ.

ಈ ಆಚಾರಗಳ ಬಲವು ಪರೀಕ್ಷೆಗೆ ಸಿಕ್ಕ ಕಾಲವೂ ಬಂದಿತು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. 1784ರ ಫೆಬ್ರವರಿ 24ರಂದು, ಕ್ರೈಸ್ತರ ಉಪವಾಸಕಾಲ ತೊಡಗುವ ಬೂದಿ ಬುಧವಾರದ ಸುಮಾರಿಗೆ, ಟೀಪೂ ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಯಿಸಲಾಯಿತು. ಸೆರೆಯಾದವರು 30,000ವೆಂದೂ 80,000ವೆಂದೂ ಭಿನ್ನ ಗಣನೆಗಳಿವೆ. ಇಗರ್ಜಿಗಳು ನೆಲಸಮವಾದುವು, ಪಾದ್ರಿಗಳು ಗಡಿಪಾರಾದರು, ಅನೇಕರು ಬಲವಂತದಿಂದ ಮತಾಂತರಗೊಂಡರು, ಬಹುಮಂದಿ ಮಡಿದರು. ಅರಸರ ಗುಣದೋಷವಿಮರ್ಶೆ ಇಲ್ಲಿಯ ವಿಷಯವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಊರುಗಳಿಗೆ ಮರಳಿ, ಪುನಃ ತಮ್ಮ ಧರ್ಮದಲ್ಲಿಯೇ ನಿಂತು ಇಗರ್ಜಿಗಳನ್ನು ಕಟ್ಟಿಕೊಂಡರೆಂಬುದು ನಮಗೆ ಮುಖ್ಯ. ಹದಿನೈದು ವರ್ಷಗಳ ಕಾಲ ಮಂದಿರವಿಲ್ಲ, ಗುರುವಿಲ್ಲ. ಉಳಿದುದು ತಾಯಂದಿರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದ ಮಾತುಗಳಲ್ಲದೆ ಮತ್ತಾವುದಿರಬಲ್ಲದು?

ಆಚಾರವೇ ಧರ್ಮಕ್ಕೆ ಆಧಾರವೆಂಬ ಮಾತು ಪಾಠಶಾಲೆಯಲ್ಲಿ ಓದಿದವರಿಗೆ ಹೊಸದಲ್ಲ. ತರ್ಕದಿಂದ ಒಪ್ಪಿದುದನ್ನು ತರ್ಕವೇ ಕೆಡಿಸಬಹುದು. ಆದರೆ ಎಳವೆಯಲ್ಲಿ ನಾಲಗೆಗೂ ಕೈಗೂ ರೂಢಿಯಾದುದನ್ನು ಕೀಳುವುದು ಸುಲಭವಲ್ಲ. ಕೇವಲ ರೂಢಿಯು ಜಡವಾಗಬಹುದೆಂಬ ಆಕ್ಷೇಪವುಂಟು, ಅದು ಸತ್ಯವೇ. ಆದರೂ ಬತ್ತಿದ ಕೆರೆಯಾದರೂ ಏರಿ ಉಳಿದಿದ್ದರೆ ಮುಂದಿನ ಮಳೆಗೆ ತುಂಬೀತು.

1988ರಲ್ಲಿ ಶಿವಮೊಗ್ಗವು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ನಮ್ಮ ಮೂರು ತಾಲೂಕುಗಳೂ ಅದರಲ್ಲಿ ಸೇರಿವೆ. ಇಗರ್ಜಿಗಳ ಲೆಕ್ಕವು ದಫ್ತರಗಳಲ್ಲಿ ಸಿಕ್ಕುತ್ತದೆ. ಸಂಜೆಯ ಪ್ರಾರ್ಥನೆಗೆ, ಹೊಸ ತೆನೆಯ ಊಟಕ್ಕೆ ಶಿಲಾಶಾಸನವಿಲ್ಲ. ಒಂದು ತಲೆಮಾರು ಬಿಟ್ಟರೆ ಆಚಾರವೂ ಹೋಯಿತು, ಅದರ ಚರಿತ್ರೆಯೂ ಹೋಯಿತು. ಆದುದರಿಂದ ಯಾವ ಮತದ ಮನೆಯೇ ಆಗಲಿ, ಅಲ್ಲಿಯ ಮುದುಕಿಯರು ಹೇಳುವ ಮಾತನ್ನು ಓದುಬಲ್ಲ ಕಿರಿಯರು ಬರೆದಿಡುವುದು ಉಚಿತ. ಕೆಳದಿ ಸೀಮೆಯ ಚರಿತ್ರೆಗೆ ಅದೂ ಒಂದು ಆಕರವಾದೀತು.