ಹಿಮ, ಉಪ್ಪು ಮತ್ತು ನಾಲ್ಕು ಚಕ್ರ

ಚಳಿಗಾಲ ಬಂತು ಅಂದ್ರೆ ನಮ್ಮ ಮಸಾಚುಸೆಟ್ಸ್ ಕಡೆ ಕನ್ನಡಿಗರು ಸೇರಿದಲ್ಲೆಲ್ಲ ಒಂದೇ ಮಾತು: "ಸ್ನೋ ಟೈರ್ ಹಾಕಿಸಿದ್ರಾ?" ಊರಲ್ಲಿ ಮಳೆ-ಬೆಳೆ ವಿಚಾರಿಸೋ ಹಾಗೆ ಇಲ್ಲಿ ಇದು. ಹಿಮದ ಮೇಲೆ ಗಾಡಿ ಓಡಿಸುವ ಈ ವಿದ್ಯೆ ಹೇಗೆ ಬೆಳೆಯಿತು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಕಥೆ ಇದು.

ಮೊದಮೊದಲು ಹಿಮ ಶತ್ರುವೇ ಆಗಿರಲಿಲ್ಲ! ಕುದುರೆಗಳ ಕಾಲದಲ್ಲಿ ನ್ಯೂ ಇಂಗ್ಲೆಂಡಿನ ಜನ ಚಳಿಗಾಲಕ್ಕೆ ಗಾಲಿಯ ಗಾಡಿ ಒಳಗಿಟ್ಟು ಜಾರುಬಂಡಿ ಹೂಡುತ್ತಿದ್ದರು. ರಸ್ತೆಯ ಹಿಮ ತೆಗೆಯುವ ಬದಲು ದೊಡ್ಡ ಮರದ ರೋಲರುಗಳನ್ನು ಕುದುರೆಗಳಿಂದ ಎಳೆಸಿ ಅದನ್ನೇ ಗಟ್ಟಿ ಮಾಡುತ್ತಿದ್ದರು. ಚಾವಣಿ ಇರುವ ಮರದ ಸೇತುವೆಗಳ ಒಳಗೆ ಹಿಮ ಬೀಳುವುದಿಲ್ಲವಲ್ಲ, ಅಲ್ಲಿಗೆ ಕೂಲಿ ಕೊಟ್ಟು ಹಿಮ ಹರಡಿಸುತ್ತಿದ್ದರಂತೆ. ನಾವು ಹಿಮ ತೆಗೆಸೋಕೆ ದುಡ್ಡು ಕೊಡ್ತೀವಿ, ಅವರು ಹಾಕಿಸೋಕೆ ಕೊಡ್ತಿದ್ರು :)

ಕಾರು ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಜಾರುಬಂಡಿಗೆ ಜಾರಬೇಕು, ರಬ್ಬರ್ ಟೈರಿಗೆ ಜಾರಬಾರದು. ಹಿಡಿತ ಸಿಗಲಿ ಅಂತ ಡ್ರೈವರುಗಳು ಟೈರಿಗೆ ಹಗ್ಗ ಸುತ್ತುತ್ತಿದ್ದುದನ್ನು ಕಂಡ ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್, ಹಗ್ಗದ ಜಾಗಕ್ಕೆ ಸರಪಳಿ ತಂದು 1904ರಲ್ಲಿ ಪೇಟೆಂಟ್ ಪಡೆದ. ಅತ್ತ ಫಿನ್ಲೆಂಡಿನ ನೋಕಿಯಾ ಊರಿನಲ್ಲಿ 1934ರಲ್ಲಿ ಲಾರಿಗಳಿಗಾಗಿ ಚಳಿಗಾಲದ ಟೈರು ತಯಾರಾಯಿತು. 1936ರಲ್ಲಿ ಬಂದ 'ಹಕ್ಕಪೆಲೀಟ' ಎಂಬ ಟೈರಿನ ಹೆಸರು ಇವತ್ತಿಗೂ ಮಾರುಕಟ್ಟೆಯಲ್ಲಿದೆ.

ಇನ್ನು ಉಪ್ಪು. 1938ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ ರಸ್ತೆಗೆ ಉಪ್ಪು ಹಾಕುವ ಪ್ರಯೋಗ ಶುರುಮಾಡಿತು. 1941-42ರ ಚಳಿಗಾಲದಲ್ಲಿ ಇಡೀ ಅಮೆರಿಕದಲ್ಲಿ ಬಳಕೆಯಾದದ್ದು ಸುಮಾರು 5,000 ಟನ್. ಈಗ ವರ್ಷಕ್ಕೆ ಕೋಟಿಗಟ್ಟಲೆ ಟನ್! ಉಪ್ಪು ನೀರು ಹೆಪ್ಪುಗಟ್ಟುವ ಉಷ್ಣತೆಯನ್ನು ಇಳಿಸುತ್ತದೆ, ಆದರೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದರೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಜೊತೆಗೆ ಕಾರಿನ ತಳಕ್ಕೆ ತುಕ್ಕು, ಕೆರೆ-ತೊರೆಗಳಿಗೆ ಉಪ್ಪುನೀರು... ಇದು ನಾವು ಕಟ್ಟುತ್ತಿರುವ ಬಡ್ಡಿ.

ಸರಪಳಿ, ಟೈರು, ಉಪ್ಪು ಎಲ್ಲಾ ಇದ್ದೂ 1978 ಬಂತು. ಆ ವರ್ಷ ಫೆಬ್ರವರಿ 6, ಸೋಮವಾರ. ಜನ ಎಂದಿನಂತೆ ಕೆಲಸಕ್ಕೆ ಹೋಗಿದ್ದರು. ಮನೆಗೆ ಹೊರಡುವ ಹೊತ್ತಿಗೆ ಬಿರುಗಾಳಿ ಜೋರಾಗಿ, ಬಾಸ್ಟನ್ ಸುತ್ತಲಿನ ರೂಟ್ 128ರಲ್ಲಿ 3,000ಕ್ಕೂ ಹೆಚ್ಚು ಕಾರು, 500 ಲಾರಿ ಹೂತುಹೋದವು. ಬಾಸ್ಟನ್ನಿನಲ್ಲಿ ಬಿದ್ದದ್ದು 27 ಇಂಚು ಹಿಮ. ಸತ್ತವರಲ್ಲಿ ಹಲವರು ಜಾರಿ ಡಿಕ್ಕಿ ಹೊಡೆದವರಲ್ಲ, ನಿಂತ ಕಾರಿನಲ್ಲಿ ಬೆಚ್ಚಗೆ ಕೂತವರು. ಹೊಗೆಕೊಳವೆ ಹಿಮದಲ್ಲಿ ಮುಚ್ಚಿಹೋಗಿ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿತ್ತು. ವಾಸನೆಯಿಲ್ಲದ ವಿಷ ಅದು.

ವಿಚಿತ್ರ ನೋಡಿ, ಅದೇ 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಬ್ರೇಕು ಮರ್ಸಿಡಿಸ್ ಕಾರಿಗೆ ಬಂತು. ಬ್ರೇಕು ಒತ್ತಿದಾಗಲೂ ಸ್ಟೀರಿಂಗ್ ಮಾತು ಕೇಳುತ್ತದೆ ಅನ್ನುವುದು ಅದರ ದೊಡ್ಡ ಉಪಕಾರ. ಆದರೆ ಹಿಡಿತವನ್ನೇ ಅದು ಹುಟ್ಟಿಸಲಾರದು. ಒಣ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದ ಕಾರು ಬ್ರೇಕು ಹಿಡಿದ ಮೇಲೆ ಸುಮಾರು 14 ಮೀಟರಿನಲ್ಲಿ ನಿಂತರೆ, ಮಂಜುಗಡ್ಡೆಯ ಮೇಲೆ ನೂರು ಮೀಟರ್ ಬೇಕಾಗಬಹುದು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿಗಳೂ ಅಷ್ಟೇ, ಹೊರಡೋಕೆ ಸಹಾಯ, ನಿಲ್ಲೋಕೆ ಅಲ್ಲ.

ಹಾಗಾದ್ರೆ ಕಲಿತದ್ದೇನು? 2013ರ ಫೆಬ್ರವರಿ 8ರಂದು ಮತ್ತೆ ಅಂಥದೇ ಬಿರುಗಾಳಿ ಬಂದಾಗ ಇಲ್ಲಿನ ಗವರ್ನರ್ ಡೆವಲ್ ಪ್ಯಾಟ್ರಿಕ್ ಸಂಜೆ ನಾಲ್ಕಕ್ಕೇ ರಾಜ್ಯವಿಡೀ ಕಾರು ಓಡಿಸುವುದನ್ನು ನಿಲ್ಲಿಸಿಬಿಟ್ಟರು. 1978ರಲ್ಲಿ ನಿಷೇಧ ಬಂದದ್ದು ಕಾರುಗಳು ಹೂತ ಮೇಲೆ, ಈ ಸಲ ಹೂಳುವ ಮೊದಲೇ. ನನ್ನ ಮಟ್ಟಿಗೆ ನೂರು ವರ್ಷದ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡ ಆವಿಷ್ಕಾರ ಅದೇ: ಇವತ್ತು ಹೊರಡೋದು ಬೇಡ ಅನ್ನೋ ತೀರ್ಮಾನ.

ಹಾಗೂ ಸಿಕ್ಕಿಹಾಕಿಕೊಂಡರೆ, ಹೀಟರ್ ಹಾಕುವ ಮೊದಲು ಇಳಿದು ಹೊಗೆಕೊಳವೆಯ ಸುತ್ತಲಿನ ಹಿಮ ತೆಗೆಯಿರಿ, ಕಿಟಕಿ ಸ್ವಲ್ಪ ತೆರೆದಿಡಿ. ಹಿಮದ ನಾಡಿಗೆ ಹೊಸದಾಗಿ ಬಂದ ಗೆಳೆಯರಿದ್ದರೆ ಅವರಿಗೂ ಇಷ್ಟು ಹೇಳಿಬಿಡಿ.